ತಮ್ಮನ ಮೊಮ್ಮಗಳಿಗೆ ನಾನು ಕಲಿಸಿದ ಕವಾಯತು

ನನ್ನ ತಮ್ಮನ ಮೊಮ್ಮಗಳು ಸೇನಾ ಅಕಾಡೆಮಿಗೆ ಅರ್ಜಿ ಹಾಕುತ್ತೇನೆ ಎಂದ ದಿನ ನಾನು ಅವಳ ಬಾಯಿಗೆ ಸಕ್ಕರೆ ಹಾಕಿದೆ. ಮನೆಯಲ್ಲಿ ಪೇಡೆ ಇರಲಿಲ್ಲ. ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ತೆಗೆದು ತಿನ್ನಿಸಿ, ಅವಳ ತಲೆಯ ಮೇಲೆ ಕೈಯಿಟ್ಟು "ದೇವರು ನಡೆಸಲಿ" ಎಂದೆ. ಕೈಯಿಟ್ಟಾಗ ನನ್ನ ಹೊಟ್ಟೆಯೊಳಗೆ ಏನಾಯಿತು ಎಂಬುದನ್ನು ಹೇಳುವುದಕ್ಕೇ ಈಗ ಬರೆಯಲು ಕೂತಿದ್ದೇನೆ. ಹೇಳದೆ ಸಾಯಬಾರದು ಎಂದು ಅನ್ನಿಸಿದೆ.

ಮೊದಲು ನಾನು ಯಾರು ಎಂಬುದನ್ನು ಹೇಳಬೇಕು. ನಾವು ಬೀದರಿನವರು, ಮಿಷನ್ ಕಾಲದಿಂದ ಚರ್ಚಿನ ಕಂಪೌಂಡಿನ ಹಿಂದಿನ ಓಣಿಯಲ್ಲಿ ಇರುವವರು. ಅಪ್ಪ ಮಿಷನ್ ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದರು. ನಾವಿಬ್ಬರೇ ಗಂಡುಮಕ್ಕಳು, ನಾನು ದೊಡ್ಡವನು. ನಾನು ಹತ್ತನೇ ಇಯತ್ತೆ ಪಾಸಾದ ವರ್ಷ ಮನೆಯಲ್ಲಿ ಒಂದು ಮಾತು ನಡೆಯಿತು. ಇಬ್ಬರನ್ನೂ ಓದಿಸುವುದು ಅಪ್ಪನ ಕೈಲಿ ಆಗುವಂತಿರಲಿಲ್ಲ. "ದೊಡ್ಡಾವ ಗಟ್ಟಿ ಅದಾನ, ಎಲ್ಲಿ ಹಾಕಿದ್ರೂ ಬದುಕ್ತಾನ. ಸಣ್ಣಾವಗ ಓದಸ್ರಿ," ಎಂದು ಅವ್ವ ಹೇಳಿದಳು. ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ಮಾತು ಕೇಳಿದಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ.

ನಾನು ಫೌಜಿಗೆ ಸೇರಿದೆ. ಸಿಪಾಯಿಯಾಗಿ ಸೇರಿ, ಡ್ರೈವರ್ ಕೆಲಸ ಕಲಿತು, ಹವಾಲ್ದಾರನಾಗಿ ಹೊರಬಿದ್ದೆ. ತಮ್ಮ ಮಾಸ್ತರನಾಗಿ ಹತ್ತಿರದ ಭಾಲ್ಕಿಯಲ್ಲಿ ನೆಲೆ ನಿಂತ. ಅವನು ಸ್ಟೇಷನ್ ರಸ್ತೆಯಲ್ಲಿ ನಡೆದರೆ ಬೇಳೆ ವ್ಯಾಪಾರಿಯಿಂದ ಹಿಡಿದು ಕಬ್ಬಿನ ಗಾಡಿಯವನ ತನಕ ಎಲ್ಲರೂ "ನಮಸ್ಕಾರ್ರಿ ಸರ್" ಅನ್ನುತ್ತಾರೆ. ಅವನ ಮಗ ಔರಾದಿನಲ್ಲಿ ಹೈಸ್ಕೂಲು ಮಾಸ್ತರ, ಸೊಸೆ ಅಲ್ಲೇ ಸರಕಾರಿ ಆಸ್ಪತ್ರೆಯಲ್ಲಿ ನರ್ಸು. ನನ್ನ ಮಗನಿಗೆ ಬೀದರಿನಲ್ಲಿ ಮೊಬೈಲು ರಿಪೇರಿಯ ಸಣ್ಣ ಅಂಗಡಿ. ಅವನು ಸುಖವಾಗಿದ್ದಾನೆ, ಯಾರ ಹಂಗಿನಲ್ಲೂ ಇಲ್ಲ. ಆದರೂ ಹಬ್ಬಕ್ಕೆ ಎರಡೂ ಮನೆಯವರು ಒಂದೆಡೆ ಕೂತಾಗ ನನ್ನ ಕಣ್ಣು ತಕ್ಕಡಿಯಾಗುತ್ತಿತ್ತು. ಅವನ ಕಡೆಯ ತಟ್ಟೆಯೇ ಯಾವಾಗಲೂ ಕೆಳಗೆ.

ಮಿಲಿಟರಿ ಮಾತ್ರ ನನ್ನದಾಗಿತ್ತು. ಮದುವೆಗಳಲ್ಲಿ ನನ್ನನ್ನು "ಮಿಲಿಟರಿ ಮುತ್ಯಾ" ಎಂದು ತೋರಿಸುತ್ತಿದ್ದರು. ಚರ್ಚಿನ ಶಾಲೆಯಲ್ಲಿ ಧ್ವಜದ ಹಗ್ಗ ಎಳೆಯುವವನು ನಾನು. ಯುದ್ಧದ ಸುದ್ದಿ ಟಿವಿಯಲ್ಲಿ ಬಂದರೆ ಇಡೀ ಓಣಿ ನನ್ನ ಮುಖ ನೋಡುತ್ತಿತ್ತು. ತಮ್ಮನಿಗೆ ಊರು ತುಂಬ ಗೌರವವಿತ್ತು, ಆದರೆ ಆ ಒಂದು ಹೊಲದಲ್ಲಿ ಅವನ ಕುಂಟೆ ಇರಲಿಲ್ಲ.

ಹುಡುಗಿ ಹತ್ತನೇದು ಮುಗಿಸಿ ಪಿಯುಸಿಗೆ ಬೀದರಿಗೆ ಬಂದಾಗ ನಮ್ಮ ಮನೆಯಲ್ಲೇ ಇಟ್ಟುಕೊಂಡೆವು. ನನ್ನ ಮೊಮ್ಮಗನೂ ಅದೇ ವರ್ಷ ಅದೇ ತರಗತಿ. ಇಬ್ಬರೂ ಒಂದೇ ಮೇಜಿನ ಎರಡು ಕಡೆ ಕೂತು ಓದುತ್ತಿದ್ದರು. ಓದುತ್ತಿದ್ದವಳು ಅವಳು, ಇವನು ಮೊಬೈಲು ನೋಡುತ್ತ ಪುಸ್ತಕ ತೆರೆದಿಡುತ್ತಿದ್ದ.

ಒಂದು ಬೇಸಿಗೆ ನಮ್ಮ ಓಣಿಗೆ ನೀರಿನ ಟ್ಯಾಂಕರ್ ಬಂತು. ಕೊಡಕ್ಕೆ ಕೊಡ ಬಡಿದು ಹೆಂಗಸರ ಜಗಳ ಹತ್ತಿತು. ಹುಡುಗಿ ಕಾಲೇಜಿನಿಂದ ಬಂದವಳು ಪುಸ್ತಕದ ಚೀಲ ನಮ್ಮ ಕಟ್ಟೆಯ ಮೇಲೆ ಒಗೆದು ಟ್ಯಾಂಕರಿನ ಹಿಂದಿನ ಮೆಟ್ಟಿಲು ಹತ್ತಿ ನಿಂತಳು.

"ಮುದುಕ್ಯಾರು, ಬಸುರ್ಯಾರು ಈ ಕಡಿ ಬರ್ರಿ. ಉಳದವ್ರು ಗ್ವಾಡಿ ಕಡಿ. ಮೊದಲ್ನೇ ಸುತ್ತು ಎರಡೆರಡೇ ಕೊಡ!"

"ಯಾರವ್ವಾ ಇಕಿ? ಕಲೆಕ್ಟರ್ ಮಗಳೇನು?" ಎಂದು ಒಬ್ಬಳು ಕೂಗಿದಳು.

"ಅಲ್ರಿ ಅತ್ತಿ, ಔರಾದ ನರ್ಸಮ್ಮನ ಮಗಳು. ನಿಮ್ಮ ಮೂರನೇ ಕೊಡ ಹಿಂದ ಇಡ್ರಿ, ನಾ ನೋಡೀನಿ."

ಹೆಂಗಸರೆಲ್ಲ ನಕ್ಕರು. ಆ ಹೆಂಗಸು ಬೈಯುತ್ತಲೇ ಕೊಡ ಹಿಂದಿಟ್ಟಳು. ಟ್ಯಾಂಕರ್ ಖಾಲಿಯಾಗುವ ಹೊತ್ತಿಗೆ ಎಲ್ಲರ ಮನೆಯಲ್ಲೂ ನೀರಿತ್ತು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ನೋಡಿ ಖುಷಿಪಡಬೇಕಾಗಿತ್ತು. ಇದು ನನ್ನ ಮೊಮ್ಮಗನಲ್ಲಿ ಯಾಕಿಲ್ಲ ಎನ್ನಿಸಿತು. ಅದಕ್ಕಿಂತ ಕೆಳಗೆ ಇನ್ನೊಂದು ಮಾತು ಇತ್ತು, ಅದನ್ನು ಆಮೇಲೆ ಹೇಳುತ್ತೇನೆ.

ಅರ್ಜಿಯ ಮಾತು ಬಂದದ್ದು ಎರಡನೇ ವರ್ಷದಲ್ಲಿ. "ದೊಡ್ಡ ಮುತ್ಯಾ, ಹನ್ನೆರಡನೇದು ಓದುವಾಗೇ ಬರೀಬಹುದಂತ್ರಿ. ಈಗ ಹುಡುಗ್ಯಾರಿಗೂ ತಗೋತಾರ. ಲಿಖಿತ ಪಾಸಾದ್ರ ಐದು ದಿವ್ಸದ ಸಂದರ್ಶನ. ಅದಾದ್ರ ಅಕಾಡೆಮಿ, ಆಮ್ಯಾಲ ಸೀದಾ ಆಫೀಸರ್," ಎಂದಳು. ಮೊಮ್ಮಗನೂ ಜೊತೆಗೇ ಅರ್ಜಿ ತುಂಬಿದ. ನಾನೇ ಒತ್ತಾಯ ಮಾಡಿ ತುಂಬಿಸಿದೆ.

ಸಕ್ಕರೆ ತಿನ್ನಿಸಿದ ಮೇಲೆ ಅವನು ಮಂಚದ ಮೇಲೆ ಬಿದ್ದುಕೊಂಡೇ ಹೇಳಿದ: "ಮುತ್ಯಾ, ಅಕಿ ಆಫೀಸರ್ ಆದ್ರ ನೀ ಎದ್ದು ನಿಂತು ಸಲ್ಯೂಟ್ ಹೊಡೀಬೇಕಾಗ್ತದ ನೋಡು."

"ಪಿಂಚಣಿ ಆದಮ್ಯಾಲ ಯಾರಿಗೂ ಹೊಡೀಬೇಕಂತಿಲ್ಲ."

"ಹೊಡೀಬೇಕಂತಿಲ್ಲ, ಖರೇ. ಆದ್ರ ನಿನ್ನ ಕೈ ತಾನೇ ಏಳ್ತದಲ್ಲ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಆ ಮಾತು ಒಳಗೆ ಹೋಗಿ ಕೂತಿತು. ನನ್ನ ಸರ್ವಿಸಿನ ಬಹುಪಾಲು ನಾನು ಜೀಪಿನ ಬಾಗಿಲು ತೆಗೆದು ನಿಂತವನು. ಇಪ್ಪತ್ತೆರಡರ ಹುಡುಗ ಆಫೀಸರನಿಗೆ, ಮೀಸೆ ಹಣ್ಣಾಗುತ್ತಿದ್ದ ನಾನು "ಜೀ ಸಾಬ್" ಅಂದಿದ್ದೇನೆ. ಅದರ ಬಗ್ಗೆ ನನಗೆ ದುಃಖವಿರಲಿಲ್ಲ, ಅದು ಪದ್ಧತಿ. ಈಗ ಆ ಬಾಗಿಲಿನಿಂದ ಇಳಿಯುವವಳು ತಮ್ಮನ ಮನೆಯವಳಾಗುತ್ತಾಳೆ ಎಂಬುದನ್ನು ನುಂಗಲು ಆಗಲಿಲ್ಲ.

ಲಿಖಿತ ಪರೀಕ್ಷೆಯ ಫಲಿತಾಂಶ ಬಂತು. ಅವಳ ನಂಬರ್ ಇತ್ತು, ಇವನದು ಇರಲಿಲ್ಲ. ಇವನು "ಗಣಿತ ಭಾಳ ಖರಾಬ್ ಬಂದಿತ್ತು" ಎಂದು ಭುಜ ಹಾರಿಸಿ ಅಂಗಡಿಗೆ ಹೋದ. ಭಾಲ್ಕಿಯಿಂದ ತಮ್ಮನ ಫೋನು ಬಂತು. ಅಳುತ್ತಿದ್ದ.

"ಅಣ್ಣಾ, ನಿನ್ನ ಮನ್ಯಾಗ ಇಟ್ಟಿದ್ದಕ್ಕೇ ಆಗಿದ್ದು ಇದು. ಮುಂದಿನ ಸಂದರ್ಶನಕ್ಕ ನೀನೇ ತಯಾರ್ ಮಾಡಬೇಕು. ನಮ್ಮ ಮನಿತನದಾಗ ಅದು ತಿಳಿದಾವ ನೀ ಒಬ್ಬನೇ."

ಅವನು ಹೇಳಿದ್ದು ಖರೆಯಾಗಿತ್ತು. ನನ್ನ ಸರ್ವಿಸಿನ ಕೊನೆಯ ವರ್ಷಗಳಲ್ಲಿ ನಾನು ಅಂಥದೇ ಒಂದು ಆಯ್ಕೆ ಕೇಂದ್ರದಲ್ಲಿ ಬಸ್ಸು ನಡೆಸುತ್ತಿದ್ದೆ. ಸ್ಟೇಷನ್ನಿಗೆ ಹೋಗಿ ಹುಡುಗರನ್ನು ಕರೆತರುವುದು, ಮೊದಲ ದಿನವೇ ತಿರಸ್ಕಾರವಾದವರನ್ನು ಅದೇ ಬಸ್ಸಿನಲ್ಲಿ ವಾಪಸ್ ಬಿಡುವುದು ನನ್ನ ಕೆಲಸ. ನಡುವಿನ ದಿನಗಳಲ್ಲಿ ಮೈದಾನದ ಅಂಚಿನಲ್ಲಿ ಬಸ್ಸು ನಿಲ್ಲಿಸಿಕೊಂಡು ಎಲ್ಲವನ್ನೂ ನೋಡುತ್ತಿದ್ದೆ. ಎಂಟು ಹತ್ತು ಹುಡುಗರ ಗುಂಪಿಗೆ ಎರಡು ಹಲಗೆ, ಒಂದು ಹಗ್ಗ, ಒಂದು ಭಾರದ ಪೆಟ್ಟಿಗೆ ಕೊಟ್ಟು, ನೆಲ ಮುಟ್ಟದೆ ಆಚೆ ದಾಟಿ ಎನ್ನುತ್ತಾರೆ. ನಾಯಕ ಯಾರು ಎಂದು ಹೇಳುವುದಿಲ್ಲ. ಯಾರು ಮುಂದೆ ಬಿದ್ದು ದಾರಿ ಹುಡುಕುತ್ತಾನೆ, ಯಾರು ಉಳಿದವರನ್ನು ಕೂಡಿಸಿಕೊಳ್ಳುತ್ತಾನೆ ಎಂಬುದನ್ನು ಸುಮ್ಮನೆ ಕುರ್ಚಿ ಹಾಕಿಕೊಂಡು ನೋಡುತ್ತಾರೆ. ಒಮ್ಮೆ ಒಬ್ಬ ಕರ್ನಲ್ ಸಾಹೇಬರು ಬಸ್ಸಿನಲ್ಲಿ ಇನ್ನೊಬ್ಬರಿಗೆ ಹೇಳುತ್ತಿದ್ದರು: ಶಿಸ್ತು ನಾವು ಕಲಿಸಬಲ್ಲೆವು, ಪಾಳಿ ಕಾಯುತ್ತ ನಿಲ್ಲುವವನಿಗೆ ಮುಂದೆ ಬೀಳುವುದನ್ನು ಕಲಿಸಲಾರೆವು. ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಓಣಿಯ ಟ್ಯಾಂಕರಿನ ಮೇಲೆ ಅವಳನ್ನು ನೋಡಿದಾಗಲೇ ಇವಳು ಎಂದಾದರೂ ಅಲ್ಲಿಗೆ ಹೋದರೆ ಆಯ್ಕೆಯಾಗಿಯೇ ತೀರುತ್ತಾಳೆ ಎಂದು ನನಗೆ ತಿಳಿದಿತ್ತು. ಆಗ ಆಮೇಲೆ ಹೇಳುತ್ತೇನೆ ಎಂದದ್ದು ಇದನ್ನೇ.

ಅವಳಿಗೆ ನಾನು ಕಲಿಸಿದ್ದು ಬೇರೆ.

ದಿನಾ ಸಂಜೆ ಅಂಗಳದಲ್ಲಿ ಅವಳನ್ನು ಸಾವಧಾನ್ ನಿಲ್ಲಿಸಿದೆ. ಹಿಮ್ಮಡಿ ಕೂಡಿಸು, ಗದ್ದ ಮೇಲೆ, ಕಣ್ಣು ನೆಟ್ಟಗೆ. ಕೇಳಿದಷ್ಟಕ್ಕೇ ಉತ್ತರ ಕೊಡು. ದೊಡ್ಡವರು ಮಾತಾಡುವಾಗ ನಡುವೆ ಬಾಯಿ ಹಾಕಬೇಡ. ಗುಂಪಿನಲ್ಲಿ ಎಲ್ಲರೂ ಮಾತು ಮುಗಿಸಲಿ, ನಿನ್ನ ಪಾಳಿ ಬಂದಾಗ ಮಾತಾಡು. ಹಲಗೆ ಹಗ್ಗ ಕೊಟ್ಟರೆ ಯಾರಾದರೂ ಹುಕುಂ ಕೊಡುವ ತನಕ ಕಾಯಿ. ಅವರು ನೋಡುವುದು ಶಿಸ್ತು. ನಾನು ಪ್ರಶ್ನೆ ಕೇಳುತ್ತಿದ್ದೆ, ಅವಳು ಉತ್ತರಿಸುತ್ತಿದ್ದಳು. ಉತ್ತರ ಉದ್ದವಾದರೆ ಕೈಯೆತ್ತಿ ನಿಲ್ಲಿಸುತ್ತಿದ್ದೆ. "ಭಾಳ ಆಯ್ತು. ಸಿಪಾಯಿ ಆದಾವ ಇಷ್ಟು ಮಾತಾಡಂಗಿಲ್ಲ."

"ನಾ ಸಿಪಾಯಿ ಆಗಂಗಿಲ್ಲಲ್ರಿ, ಆಫೀಸರ್ ಆಗಾಕ ಹೊಂಟೀನಿ," ಎಂದು ಒಂದು ದಿನ ನಕ್ಕಳು.

"ಮೊದಲ ಸಿಪಾಯಿ ಆಗಬೇಕು, ಆಮ್ಯಾಲ ಆಫೀಸರ್," ಎಂದು ಗದರಿದೆ. ನಗು ನಿಂತಿತು. ಆಮೇಲೆ ಅವಳು ಎದುರು ಮಾತಾಡಲಿಲ್ಲ.

ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಔರಾದಿನಿಂದ ಬಂದ ಅವಳ ತಾಯಿ ಮಗಳು ತಲೆ ತಗ್ಗಿಸಿ ಮೆಲ್ಲಗೆ ಮಾತಾಡುವುದನ್ನು ಕಂಡು "ನಿಮ್ಮ ಕೈಯಾಗ ಬಿದ್ದು ಭಾಳ ಸುಧಾರಿಸ್ಯಾಳ್ರಿ ಮಾವ" ಎಂದು ನನ್ನ ಕಾಲು ಮುಟ್ಟಿದಳು. ನಮ್ಮ ಮನೆಗಳಲ್ಲಿ ಹೆಣ್ಣು ಮಗು ಸುಮ್ಮನಿದ್ದಷ್ಟೂ ಒಳ್ಳೆಯದಾಗಿ ಬೆಳೆದಿದೆ ಎನ್ನುತ್ತಾರೆ. ಆ ನಂಬಿಕೆಯ ಮರೆಯಲ್ಲಿ ನಾನು ನನ್ನ ಕೆಲಸ ಮಾಡಿಕೊಂಡೆ. ನನ್ನ ಹೆಂಡತಿ ಒಬ್ಬಳೇ ರೊಟ್ಟಿ ಬಡಿಯುತ್ತ ಹೇಳಿದಳು: "ಹುಡುಗಿ ಹುಲಿ ಇದ್ದಂಗ ಇತ್ತು. ಬೆಕ್ಕು ಮಾಡಿ ಇಟ್ಟೀರಿ."

"ನಿನಗೇನ್ ಗೊತ್ತು ಮಿಲಿಟರಿ?" ಎಂದೆ.

"ಮಿಲಿಟರಿ ಗೊತ್ತಿಲ್ರಿ. ಬೆಕ್ಕು ಗೊತ್ತದ."

ಅವಳು ಹೊರಡುವ ಮುಂಚಿನ ಭಾನುವಾರ ಚರ್ಚಿನಲ್ಲಿ ಅವಳಿಗಾಗಿ ಪ್ರಾರ್ಥನೆ ಇತ್ತು. ಪರೀಕ್ಷೆಗೋ ದೂರದೂರಿಗೋ ಹೋಗುವ ಮಕ್ಕಳನ್ನು ಮುಂದೆ ಕರೆದು ಮೊಣಕಾಲೂರಿಸಿ ಮನೆಯ ಹಿರಿಯರಿಂದ ಪ್ರಾರ್ಥನೆ ಮಾಡಿಸುವುದು ನಮ್ಮಲ್ಲಿ ರೂಢಿ. ತಮ್ಮ ನನ್ನನ್ನೇ ಮುಂದೆ ನೂಕಿದ. ನಾನು ಅವಳ ತಲೆಯ ಮೇಲೆ ಕೈಯಿಟ್ಟು ದೊಡ್ಡ ದನಿಯಲ್ಲಿ ಬೇಡಿಕೊಂಡೆ. ಬೇಡಿಕೊಳ್ಳುತ್ತ "ನಿನ್ನ ಚಿತ್ತವಿದ್ದರೆ" ಎಂಬ ಮಾತನ್ನು ಸೇರಿಸಿದೆ. ಅದು ಎಲ್ಲರೂ ಸೇರಿಸುವ ಮಾತೇ. ಆದರೆ ನಾನು ಅದನ್ನು ಮೂರು ಸಲ ಹೇಳಿದೆ. ಸಭೆ ಮೂರು ಸಲವೂ "ಆಮೆನ್" ಎಂದಿತು. ಬೇಡ ಎಂದು ಬೇಡಿಕೊಳ್ಳಲು ಅದಕ್ಕಿಂತ ಮರ್ಯಾದೆಯ ದಾರಿ ನನಗೆ ತಿಳಿಯಲಿಲ್ಲ.

ತಮ್ಮ ಭಾಲ್ಕಿಯಲ್ಲೇ ರೈಲು ಹತ್ತಿದ್ದ. ಬೀದರಿನಲ್ಲಿ ಅವಳನ್ನು ಅವನ ಪಕ್ಕದ ಸೀಟಿನಲ್ಲಿ ಕೂರಿಸಿ ನಾನು ಕೆಳಗೆ ನಿಂತೆ. "ಪಾಳಿ ಬಂದಾಗ ಮಾತಾಡು, ಮರೀಬ್ಯಾಡ," ಎಂದೆ. ಕಿಟಕಿಯ ಸರಳಿನ ಹಿಂದೆ ಅವಳು ಹೂಂ ಎಂದು ತಲೆಯಾಡಿಸಿದಳು.

ಮೊದಲ ದಿನದ ಜರಡಿಯಲ್ಲಿ ಅವಳು ಉಳಿದಳು, ಐದೂ ದಿನ ಅಲ್ಲಿದ್ದಳು. ಕೊನೆಗೆ ಓದಿದ ನಂಬರುಗಳಲ್ಲಿ ಅವಳದಿರಲಿಲ್ಲ. ವಾಪಸ್ ಬಂದು ನಮ್ಮ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಹೇಳಿದಳು: "ಎಲ್ಲಾರೂ ಒಟ್ಟಿಗೇ ಒದರ್ಲಾಕತ್ತಿದ್ರು, ದೊಡ್ಡ ಮುತ್ಯಾ. ನಾ ನನ್ನ ಪಾಳಿ ಕಾಯ್ದೆ. ಪಾಳಿ ಬರಲೇ ಇಲ್ಲ. ಹಲಗಿ ಎಲ್ಲಿ ಹಾಕಬೇಕಂತ ನನಗ ಗೊತ್ತಿತ್ರಿ, ಆದ್ರ ಯಾರೂ ಕೇಳಲಿಲ್ಲ. ನೀವು ಹೇಳಿದಂಗೇ ಮಾಡ್ದೆ. ನನ್ನ ನಸೀಬಿನಾಗ ಇಲ್ಲೇನೋ."

ಆ ದಿನ ನಾನು ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ನಾಚಿಕೆಯಾಗುತ್ತದೆ, ಆದರೆ ತಿಂದದ್ದು ನಿಜ. ಪುಂಡಿಪಲ್ಯ ಎಂದಿಲ್ಲದಷ್ಟು ರುಚಿಯಾಗಿತ್ತು. ಬಹಳ ತಿಂಗಳುಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

ಪಿಯುಸಿ ಮುಗಿದಿತ್ತು, ಅವಳು ಔರಾದಿಗೆ ಹೊರಟಳು. ಮುಂದೇನು ಎಂದು ಯೋಚಿಸಲು ಭಾಲ್ಕಿಯಲ್ಲಿ ತಮ್ಮನ ಮನೆಯಲ್ಲಿ ಎಲ್ಲರೂ ಕೂಡಿದೆವು. ಅಕಾಡೆಮಿಗೆ ವಯಸ್ಸಿನ ಗಡಿ ಇದೆ. ಶಾಲೆಗೆ ತಡವಾಗಿ ಸೇರಿದ್ದ ಅವಳಿಗೆ ಇನ್ನೊಂದೇ ಅವಕಾಶ ಉಳಿದಿತ್ತು. ಅದರ ಲಿಖಿತ ಪರೀಕ್ಷೆಯನ್ನು ಆಗಲೇ ಬರೆದುಬಂದಿದ್ದಳು, ಫಲಿತಾಂಶ ಬರುವುದಿತ್ತು.

"ಇನ್ನಾ ಎಷ್ಟು ದಾರಿ ಅವ," ಎಂದ ತಮ್ಮ. "ಡಿಗ್ರಿ ಮಾಡ್ಲಿ, ಎನ್‌ಸಿಸಿ ಸೇರ್ಲಿ. ಡಿಗ್ರಿ ಆದವ್ರಿಗೆ ಬ್ಯಾರೇ ಪರೀಕ್ಷಾನೇ ಅದ, ಅಲ್ಲಿಂದನೂ ಆಫೀಸರ್ ಆಗ್ತಾರ."

"ಅಲ್ಲೀ ತನಕ ಮೂರು ವರ್ಷ ಕಾಯೋದೇನ್ರಿ ಮಾವ? ಮಿಲಿಟರಿ ದವಾಖಾನಿಗೆ ನರ್ಸಿಂಗ್ ಅದ. ಅವ್ರೇ ಕಲಸ್ತಾರ, ಮುಂದ ಅಲ್ಲೂ ಆಫೀಸರೇ," ಎಂದಳು ತಾಯಿ. "ನಮ್ಮ ಮನ್ಯಾಗ ಮೂರು ತಲಿ ನರ್ಸ್ ಆಗ್ಯಾರ. ಇಕಿಗಿ ಅದು ರಕ್ತದಾಗ ಅದ."

ಎಲ್ಲರೂ ನನ್ನ ಕಡೆ ನೋಡಿದರು. ನಾನು ನರ್ಸಿಂಗ್ ಎಂದೆ. ದೀರ್ಘವಾಗಿ, ಚೆನ್ನಾಗಿ ಹೇಳಿದೆ. ನಾನು ಹೇಳಿದ ಒಂದು ಮಾತೂ ಸುಳ್ಳಾಗಿರಲಿಲ್ಲ. ಗಾಯಗೊಂಡ ನನ್ನನ್ನು ಒಮ್ಮೆ ಬದುಕಿಸಿದವರು ಅಂಥ ನರ್ಸುಗಳೇ. ಆ ದಾರಿ ಸಣ್ಣದಲ್ಲ. ಆದರೆ ನಾನು ಅದನ್ನು ದಾರಿಯಾಗಿ ತೋರಿಸಲಿಲ್ಲ, ಇನ್ನೊಂದು ದಾರಿಗೆ ಅಡ್ಡ ಗೋಡೆಯಾಗಿ ಕಟ್ಟಿದೆ. ನರ್ಸಾದರೆ ಅವಳು ತಾಯಿಯ ಹಾದಿಯಲ್ಲಿ ಹೋದಂತೆ, ನನ್ನ ಹೊಲಕ್ಕೆ ಬಂದಂತಲ್ಲ ಎಂದು ನನ್ನ ಲೆಕ್ಕ.

ಅವಳು ನರ್ಸಿಂಗಿನ ಪ್ರವೇಶ ಪರೀಕ್ಷೆಗೆ ಓದತೊಡಗಿದಳು. ಅಷ್ಟರಲ್ಲಿ ಅಕಾಡೆಮಿಯ ಎರಡನೇ ಲಿಖಿತದ ಫಲಿತಾಂಶ ಬಂತು. ಪಾಸಾಗಿದ್ದಳು. ಸಂದರ್ಶನಕ್ಕೆ ಕರೆಯೂ ಬಂತು. ಅವಳು ಹೋಗುವುದಿಲ್ಲ ಎಂದುಬಿಟ್ಟಳು. "ಅದು ನನ್ನ ಸ್ವಭಾವಕ್ಕ ಆಗಂಗಿಲ್ರಿ. ಒಂದ್ ಸಲ ನೋಡೀನಲ್ಲ," ಎಂದು ತಮ್ಮನಿಗೆ ಫೋನಿನಲ್ಲಿ ಹೇಳಿದಳಂತೆ. ತಮ್ಮ ನನಗೆ ಹೇಳಿದಾಗ, ಹೋಗಲಿ ಬಿಡು, ಒತ್ತಾಯ ಮಾಡಬೇಡ ಎಂದೆ.

ಆ ವಾರ ಭಾಲ್ಕಿಯ ಚರ್ಚಿನಲ್ಲಿ ಸುಗ್ಗಿಯ ಹಬ್ಬ. ತೊಗರಿ ರಾಶಿ ಮುಗಿದ ಮೇಲೆ ನಮ್ಮವರು ಹೊಲದಲ್ಲಿ ಬೆಳೆದದ್ದನ್ನು ತಂದು ವೇದಿಯ ಮುಂದೆ ಇಡುತ್ತಾರೆ. ಇಡುವಾಗ ಯಾವುದಕ್ಕಾಗಿ ಕೃತಜ್ಞತೆ ಎಂದು ನಿಂತು ಹೇಳಬೇಕು. ಆಮೇಲೆ ಹೊರಗೆ ಅವನ್ನೇ ಸವಾಲು ಕೂಗಿ ಹರಾಜು ಹಾಕುತ್ತಾರೆ, ನಗೆಚಾಟಿಕೆಯಲ್ಲಿ ಒಂದು ಕುಂಬಳಕಾಯಿಗೆ ಕೋಳಿಯ ಬೆಲೆ ಬರುತ್ತದೆ. ತಮ್ಮ ಒಂದು ಬುಟ್ಟಿ ತೊಗರಿ ಹೊತ್ತು ಮುಂದೆ ಹೋದ. ಇಟ್ಟು ತಿರುಗಿ ನಿಂತು ಹೇಳಿದ:

"ಈ ಬುಟ್ಟಿ ನಮ್ಮ ಅಣ್ಣನ ಸಲುವಾಗಿ. ನಾ ಓದಬೇಕಂತ ಅವ ಫೌಜಿಗೆ ಹೋದ. ಈಗ ನನ್ನ ಮೊಮ್ಮಗಳಿಗಿ ತನ್ನ ಮನ್ಯಾಗ ಇಟ್ಕೊಂಡು ಅಷ್ಟು ದೂರ ಮುಟ್ಟಿಸಿದ. ಆಗಲಿಲ್ಲ, ಅದು ದೇವರ ಚಿತ್ತ. ಆದ್ರ ಅಂಥಾ ಅಣ್ಣನ್ನ ಕೊಟ್ಟಿದ್ದಕ್ಕ ಸ್ತೋತ್ರ."

ಸಭೆಯೆಲ್ಲ ತಿರುಗಿ ನನ್ನನ್ನು ನೋಡಿತು. ಅವನು ಓದಲಿ ಎಂದು ನಾನು ಫೌಜಿಗೆ ಹೋದದ್ದಲ್ಲ, ಕಳಿಸಿದ್ದಕ್ಕೆ ಹೋದದ್ದು. ಇಷ್ಟು ವರ್ಷ ಅವನು ಅದನ್ನು ನನ್ನ ತ್ಯಾಗ ಎಂದು ತಿಳಿದಿದ್ದ, ನಾನು ಅದನ್ನು ಅವನ ಮೇಲಿನ ಬಾಕಿ ಎಂದು ಇಟ್ಟುಕೊಂಡಿದ್ದೆ. "ದೇವರ ಚಿತ್ತ" ಎಂದು ಅವನು ಅಂದಾಗ ನನಗೆ ಅಲ್ಲಿ ಕೂರಲು ಆಗಲಿಲ್ಲ. ಸವಾಲು ಶುರುವಾಗುವ ಮೊದಲೇ ಎದ್ದು ಬಂದೆ.

ಮರುದಿನ ಬೀದರಿನಿಂದ ಔರಾದಿನ ಬಸ್ಸು ಹಿಡಿದೆ. ಅವಳು ಮನೆಯಲ್ಲಿ ಒಬ್ಬಳೇ ಇದ್ದಳು, ನರ್ಸಿಂಗಿನ ಪುಸ್ತಕ ಮುಂದೆ. ನಿಂತುಕೊಂಡೇ ಹೇಳಿದೆ. ನಾನು ಕಲಿಸಿದ್ದು ತಪ್ಪು, ಅದು ಸಿಪಾಯಿಯ ಕವಾಯತು, ಅಲ್ಲಿ ಅದನ್ನು ನೋಡುವುದೇ ಇಲ್ಲ. ತಪ್ಪೆಂದು ತಿಳಿದೇ ಕಲಿಸಿದೆ.

ಅವಳಿಗೆ ಮೊದಲು ಅರ್ಥವಾಗಲಿಲ್ಲ. "ತಿಳಿದೇ ಅಂದ್ರ?"

"ನೀ ಆಫೀಸರ್ ಆಗಬಾರ್ದಂತ, ಯವ್ವಾ."

"ಯಾಕ್ರಿ?"

"ಹೊಟ್ಟಿಕಿಚ್ಚು."

"ನಿಮ್ಮ ಮೊಮ್ಮಗಗ ಆಗಲಿಲ್ಲಂತೇನ್ರಿ?"

ನಾನು ತಲೆಯಾಡಿಸಿದೆ. ಹೇಳಲು ಹೋದವನು ಅಲ್ಲಿಯೂ ಅರ್ಧವನ್ನೇ ಹೇಳಿದೆ. ಮೊಮ್ಮಗನ ಹೆಸರಿನಲ್ಲಿ ಅಸೂಯೆಪಟ್ಟರೆ ಮುತ್ಯಾನ ಮೋಹ ಎಂದು ಯಾರಾದರೂ ಮನ್ನಿಸುತ್ತಾರೆ.

"ಐದು ದಿವ್ಸ ನಾ ನನ್ನ ಬಾಯಿ ನಾನೇ ಒತ್ತಿ ಹಿಡ್ಕೊಂಡು ಕುಂತಿದ್ದೆ," ಎಂದಳು. ದನಿ ಏರಿತು. "ವಾಪಸ್ ಬಂದು ನಾನೇ ಕೆಲಸಕ್ಕ ಬಾರದಾಕಿ ಅಂತ ತಿಳ್ಕೊಂಡೆ. ಇಷ್ಟು ತಿಂಗಳು ತಿಳ್ಕೊಂಡೆ. ನೀವು ಎದುರಿಗೇ ಕುಂತು ರೊಟ್ಟಿ ತಿಂದ್ರಿ!"

ಅವಳು ಎದ್ದು ಬಾಗಿಲ ತನಕ ಹೋಗಿ ತಿರುಗಿ ಬಂದಳು. ಪುಸ್ತಕ ಮುಚ್ಚಿದಳು.

"ಕುಂದರ್ರಿ. ಆ ಬಸ್ಸಿನಾಗ ಕುಂತು ಏನೇನ್ ನೋಡೀರಿ, ಏನೇನ್ ಕೇಳೀರಿ, ಎಲ್ಲಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ನಾನು ಹೇಳಿದೆ. ಎಲ್ಲಿ ಮರೆತೆನೋ ಅಲ್ಲಿ ಕೆದಕಿ ಕೇಳಿದಳು. ಕರ್ನಲ್ ಸಾಹೇಬರ ಮಾತನ್ನು ಎರಡು ಸಲ ಹೇಳಿಸಿದಳು. ಮಧ್ಯಾಹ್ನ ಅವಳ ತಾಯಿ ಡ್ಯೂಟಿ ಮುಗಿಸಿ ಬಂದಾಗ ನಾನು ಒಣಗಿದ ಬಾಯಿಯಲ್ಲಿ ಇನ್ನೂ ಮಾತಾಡುತ್ತಿದ್ದೆ. "ಅಯ್ಯೋ, ಮಾವಗ ನೀರಾದ್ರೂ ಕೊಟ್ಟೀಯೇನ?" ಎಂದು ಮಗಳನ್ನು ಕೇಳಿದಳು. "ಕೊಟ್ಟಿಲ್ಲ," ಎಂದಳು ಹುಡುಗಿ. ಕೊಡಲು ಏಳಲೂ ಇಲ್ಲ.

ಹೊರಡುವಾಗ ಬಾಗಿಲವರೆಗೆ ಬಂದಳು. "ನಾ ಸಂದರ್ಶನಕ್ಕ ಹೋಗ್ತೇನಿ. ಆದ್ರ ಈ ಮಾತು ನಮ್ಮ ಮುತ್ಯಾಗ ನೀವೇ ಹೇಳಬೇಕು. ನಾ ಹೇಳಂಗಿಲ್ಲ."

ಹೇಳುತ್ತೇನೆ ಎಂದೆ. ಹೇಳಲಿಲ್ಲ. ಅವಳು ಆಯ್ಕೆಯಾದರೆ ಹೇಳುವ ಅಗತ್ಯವೇ ಬೀಳುವುದಿಲ್ಲ, ಗೆದ್ದ ಮನೆಯಲ್ಲಿ ಹಳೆಯದನ್ನು ಯಾರು ಕೆದಕುತ್ತಾರೆ ಎಂದುಕೊಂಡೆ. ಈಗ ಅವಳು ಗೆಲ್ಲಲಿ ಎಂದು ನಿಜವಾಗಿ ಬೇಡಿಕೊಂಡೆ, ಆದರೆ ಅದೂ ನನ್ನ ಸಲುವಾಗಿಯೇ.

ಈ ಸಲ ಸಂದರ್ಶನದ ಕೊನೆಗೆ ಓದಿದ ನಂಬರುಗಳಲ್ಲಿ ಅವಳದಿತ್ತು. ವೈದ್ಯಕೀಯ ತಪಾಸಣೆಯೂ ಆಯಿತು. ತಮ್ಮ ಭಾಲ್ಕಿ ಸ್ಟೇಷನ್ನಿನಲ್ಲಿ ಕಂಡಕಂಡವರಿಗೆ ಪೇಡೆ ಹಂಚಿದ. ಆದರೆ ಅಲ್ಲಿ ಆಯ್ಕೆಯಾದವರೆಲ್ಲ ಒಳಗೆ ಹೋಗುವುದಿಲ್ಲ. ಲಿಖಿತದ ಅಂಕ, ಸಂದರ್ಶನದ ಅಂಕ ಎರಡೂ ಕೂಡಿಸಿ ಮೆರಿಟ್ ಪಟ್ಟಿ ಮಾಡುತ್ತಾರೆ, ಹುಡುಗಿಯರಿಗೆ ಇರುವ ಸೀಟುಗಳು ಸ್ವಲ್ಪ. ಆ ಪಟ್ಟಿಯ ಒಳಗೆ ಅವಳು ಬರಲಿಲ್ಲ. ಎರಡನೇ ಲಿಖಿತವನ್ನು ಅವಳು ಸೋತ ಮನಸ್ಸಿನಿಂದ ಬರೆದಿದ್ದಳು. "ಮೊದಲ್ನೇ ಸಲದ ಲಿಖಿತದಾಗ ನನ್ನ ಮಾರ್ಕ್ಸ್ ಭಾಳ ಚಲೋ ಇದ್ವು. ಆಗೇ ಸಂದರ್ಶನ ಪಾಸಾಗಿದ್ರ ಪಟ್ಟಿಯಾಗ ನನ್ನ ಹೆಸರು ಕುಂತುಬಿಡ್ತಿತ್ರಿ," ಎಂದು ನನಗೆ ಫೋನಿನಲ್ಲಿ ಹೇಳಿದಳು. ಬೈಯಲಿಲ್ಲ. ಅಷ್ಟು ಹೇಳಿ ಇಟ್ಟಳು. ವಯಸ್ಸಿನ ಗಡಿ ದಾಟಿತು, ಆ ಬಾಗಿಲು ಮುಚ್ಚಿತು.

ಪಟ್ಟಿಯಲ್ಲಿ ಅವಳ ಹೆಸರಿಲ್ಲ ಎಂದು ಕೇಳಿದ ಆ ಕ್ಷಣ, ದುಃಖ ಬರುವ ಮೊದಲು, ಕಣ್ಣು ಮಿಟುಕಿಸುವಷ್ಟು ಹೊತ್ತು, ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟೆಲ್ಲ ಆದ ಮೇಲೂ. ಆಗ ನನಗೆ ಭಯವಾಯಿತು. ಇದು ನನ್ನ ಜೊತೆಗೇ ಮಣ್ಣಿಗೆ ಹೋಗುವ ರೋಗ ಎಂದು ಗೊತ್ತಾಯಿತು, ಹುಡುಗಿಗೆ ಕೊಟ್ಟ ಮಾತಿನಂತೆ ಹೇಳಿಬಿಡಲು ಭಾಲ್ಕಿಗೆ ಹೋದೆ.

ತಮ್ಮ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದ. ಅವನಿಗೆ ನಾನು ಮಾಡಿದ್ದೆಲ್ಲವನ್ನೂ ಹೇಳಿದೆ, ಪ್ರಾರ್ಥನೆಯಲ್ಲಿ ಮೂರು ಸಲ ಹೇಳಿದ ಮಾತನ್ನೂ. ಅವನು ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ. ಮಾಸ್ತರನಲ್ಲವೇ, ಹುಡುಗರ ತಪ್ಪೊಪ್ಪಿಗೆ ಪೂರ್ತಿ ಕೇಳಿ ರೂಢಿ. ನನ್ನದು ಮುಗಿದ ಮೇಲೆ ಪೇಪರ್ ಮಡಚಿದ.

"ಅಣ್ಣಾ, ಒಂದು ಕೇಳ್ತೇನಿ. ಅಕಿ ನಿನ್ನ ಮೊಮ್ಮಗಗ ಹಿಂದ ಹಾಕಿದ್ಲಂತ ಉರೀತೋ, ನನ್ನ ಮೊಮ್ಮಗಳಂತ ಉರೀತೋ?"

ಹುಡುಗಿಗೆ ಹೇಳಿದ್ದನ್ನೇ ಹೇಳಬಹುದಿತ್ತು. ಅವನ ಕಣ್ಣು ನೋಡಿದ ಮೇಲೆ ಆಗಲಿಲ್ಲ.

"ನಿನ್ನ ಮೊಮ್ಮಗಳಂತ," ಎಂದೆ. ಹುಡುಗಿ ಮಾತ್ರ ನನ್ನ ಮೊಮ್ಮಗನ ಸಲುವಾಗಿ ಎಂದು ತಿಳಿದಿದ್ದಾಳೆ ಎಂಬುದನ್ನೂ ಹೇಳಿದೆ.

ಅವನು ಕನ್ನಡಕ ತೆಗೆದು ಧೋತರದ ಅಂಚಿನಲ್ಲಿ ಒರೆಸಿದ. "ನನಗ ಬೈದಿದ್ರ ಆಗ್ತಿತ್ತಲ್ಲೋ," ಎಂದ. "ಇಷ್ಟು ವರ್ಷದಾಗ ಒಂದ್ ದಿವ್ಸ ಬಂದು, ನೀ ನನ್ನ ಪಾಲು ತಿಂದಿ ಅಂತ ಕೊರಳಪಟ್ಟಿ ಹಿಡದಿದ್ರ ಆಗ್ತಿತ್ತು. ಆ ಕೂಸೇನ್ ಮಾಡಿತ್ತು ನಿನಗ?"

ಆಮೇಲೆ ಎದ್ದು ನಿಂತು ಹೇಳಿದ: "ಇದು ಅಕಿಗಿ ತಿಳೀಬಾರ್ದು. ನಿನ್ನ ಮೊಮ್ಮಗನ ಸಲುವಾಗಿ ಅಂತ ತಿಳ್ಕೊಂಡಾಳ, ಹಂಗೇ ಇರ್ಲಿ. ಎರಡು ಮುದುಕರ ಹಳೇ ಲೆಕ್ಕದಾಗ ತನ್ನ ಅಕಾಡೆಮಿ ಹೋಯ್ತಂತ ಗೊತ್ತಾದ್ರ ಅಕಿಗಿ ತಡಕೊಳ್ಳಾಕ ಆಗಂಗಿಲ್ಲ." ಒಳಗೆ ಹೋದ. ಊಟಕ್ಕೆ ಎನ್ನಲಿಲ್ಲ. ನಮ್ಮ ಬದುಕಿನಲ್ಲಿ ಅವನ ಮನೆಯಿಂದ ಉಣ್ಣದೆ ಬಂದದ್ದು ಅದೊಂದೇ ಸಲ. ಅಲ್ಲಿಂದ ಈಚೆಗೆ ಅವನು ಬೀದರಿಗೆ ಬಂದರೂ ನಮ್ಮ ಓಣಿಗೆ ಬರುವುದಿಲ್ಲ.

ಹುಡುಗಿ ಈಗ ಬೀದರಿನಲ್ಲೇ ಡಿಗ್ರಿ ಓದುತ್ತಿದ್ದಾಳೆ, ಹಾಸ್ಟೆಲಿನಲ್ಲಿ ಇದ್ದಾಳೆ. ನರ್ಸಿಂಗ್ ಬಿಟ್ಟು ಎನ್‌ಸಿಸಿ ಸೇರಿದ್ದಾಳೆ. ಡಿಗ್ರಿ ಆದ ಮೇಲೆ ಇನ್ನೊಂದು ದಾರಿಯಿಂದ ಪ್ರಯತ್ನಿಸುತ್ತಾಳಂತೆ. ಖಾಕಿ ಹಾಕಿಕೊಂಡು ಮೈದಾನಕ್ಕೆ ಹೋಗುವಾಗ ಒಮ್ಮೊಮ್ಮೆ ರಸ್ತೆಯಲ್ಲಿ ಸಿಗುತ್ತಾಳೆ. "ಆರಾಮ್ ಅದೀರೇನ್ರಿ?" ಎಂದು ಕೇಳುತ್ತಾಳೆ, ನಿಲ್ಲುವುದಿಲ್ಲ. ಅವಳ ಬೆನ್ನು ನೋಡುವಾಗ ಒಳಗೆ ಆ ಹಳೆಯ ಉರಿ ಇನ್ನೂ ಎದ್ದೇಳುತ್ತದೆ. ಈಗ ಅದನ್ನು ಹೆಸರು ಹಿಡಿದು ಕರೆಯುತ್ತೇನೆ, ಅಷ್ಟೇ ವ್ಯತ್ಯಾಸ.

ತಮ್ಮ ಹೇಳಬೇಡ ಎಂದ. ಅವನು ಒಳ್ಳೆಯವನು, ಅವಳನ್ನು ಕಾಪಾಡಲು ಹಾಗೆಂದ. ಆದರೆ ಈ ಮಾತಿನಲ್ಲಿ ನಾನು ಅವನಿಗಿಂತ ಅವಳನ್ನು ಚೆನ್ನಾಗಿ ಬಲ್ಲೆ. ಅವಳು ತಡೆದುಕೊಳ್ಳುತ್ತಾಳೆ. ಅಡ್ಡ ಬಂದದ್ದು ಯಾರ ಮೇಲಿನ ಉರಿ, ಯಾಕೆ ಎಂದು ಪೂರ್ತಿ ತಿಳಿಯುವ ಹಕ್ಕು ಅವಳಿಗಿದೆ. ಅರ್ಧ ಹೇಳಿ ಅವಳಿಗೆ ನಾನು ಎರಡನೇ ಸಲ ಮೋಸ ಮಾಡಿದ್ದೇನೆ. ಈ ಬರಹದಲ್ಲಿ ಉಳಿದರ್ಧ ಇದೆ. ಇದನ್ನು ಮೊದಲು ಅವಳ ಕೈಗೇ ಕೊಡುತ್ತೇನೆ. ಓದಿದ ಮೇಲೆ ರಸ್ತೆಯಲ್ಲಿ ಮಾತಾಡಿಸದೆ ಹೋದರೆ ಅದು ಅವಳ ಹುಕುಂ ಎಂದು ತಿಳಿಯುತ್ತೇನೆ.